ಮಾದೇಶ ಹೇಳಿದ್ದು ನನಗೆ ತಿಳಿದಿತ್ತು

ಮಾದೇಶ, ಅವತ್ತು ಇನ್‌ಸ್ಪೆಕ್ಟರರ ಮುಂದೆ ನೀನು ಆಡಿದ ಪ್ರತಿಯೊಂದು ಮಾತೂ ನನಗೆ ತಿಳಿದಿತ್ತು. ತಿಳಿಯಲಿಲ್ಲವೆಂದು ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ನಿನ್ನ ಓದು ನಿಂತಿತು. ನಿನಗೆ ಬುದ್ಧಿ ಕಡಿಮೆ ಎಂಬ ಹೆಸರು ಬಂತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ — ಹಿಂದುಮುಂದು ವಿವರಿಸುತ್ತ ಕೂತರೆ ಮತ್ತೆ ತಪ್ಪಿಸಿಕೊಳ್ಳುವ ದಾರಿ ಹುಡುಕಿಯೇನು ಎಂಬ ಭಯ ನನಗೇ ಇದೆ.

ಸೇಲಂ ಪಟ್ಟಣದ ಹೊರಗೆ, ಬೆಟ್ಟದ ಬುಡದಲ್ಲಿದ್ದ ಆ ಶಾಲೆ ನಿನಗೆ ಎಷ್ಟು ನೆನಪಿದೆಯೋ. ಸರ್ಕಾರದ ನೆರವಿಲ್ಲದೆ ನಡೆಯುತ್ತಿದ್ದ ಖಾಸಗಿ ಶಾಲೆ. ಚಿಕ್ಕ ಮಕ್ಕಳನ್ನು ಅಲ್ಲೇ ಇಟ್ಟುಕೊಂಡು ದೊಡ್ಡ ಹೈಸ್ಕೂಲುಗಳಿಗೆ ತಯಾರು ಮಾಡುತ್ತಿದ್ದರು. ಇಂಗ್ಲಿಷು, ಲೆಕ್ಕ, ಬೆಳಿಗ್ಗೆ ಡ್ರಿಲ್, ಸಂಜೆ ಹಾಡು, ತರಕಾರಿ ಪಾತಿಯ ಕೆಲಸ. ಇಲ್ಲಿ ಪ್ರತಿ ಮಗುವನ್ನೂ ತಂದೆತಾಯಿಯಂತೆ ನೋಡಿಕೊಳ್ಳುವವರು ಒಬ್ಬರಿದ್ದಾರೆ ಎಂದು ಹೆಡ್‌ಮಾಸ್ಟರು ಬಂದವರಿಗೆಲ್ಲ ಹೇಳುತ್ತಿದ್ದರು. ನಿನ್ನ ಪಾಲಿಗೆ ಆ ಒಬ್ಬ — ನಾನು. ಮೂರನೆಯ ತರಗತಿಯ ಮೇಷ್ಟ್ರು. ಮಕ್ಕಳು ಮಲಗುವ ಹಜಾರದ ಉಸ್ತುವಾರಿಯೂ ನನ್ನದೇ.

ನಿನ್ನ ತಂದೆ ಪುಟ್ಟಯ್ಯನವರು ನಿನ್ನನ್ನು ಕರೆತಂದಾಗ ಮೆಟ್ಟೂರು ಅಣೆಕಟ್ಟಿನ ನೀರು ಏರಿ ಕಾವೇರಿ ದಂಡೆಯ ನಿಮ್ಮೂರು ಮುಳುಗಿಹೋಗಿತ್ತು. ಪರಿಹಾರವೆಂದು ಬಂದದ್ದರಲ್ಲಿ ಅವರು ಬೇರೆ ಹೊಲ ಕೊಳ್ಳಲಿಲ್ಲ, ನಿನ್ನನ್ನು ಶಾಲೆಗೆ ಸೇರಿಸಿದರು. ತಡವರಿಸುವ ತಮಿಳಿನಲ್ಲಿ ಹೆಡ್‌ಮಾಸ್ಟರಿಗೆ ಏನೋ ಹೇಳಲು ಹೋಗಿ, ಮಾತು ಸಾಲದೆ, ನಿನ್ನ ಕಡೆಗೆ ತಿರುಗಿದರು.

"ನೆಲ ನೀರ್ಗೋಯ್ತು ಕಣ್ಲಾ. ಅಕ್ಸರ ಮುಳುಗಾಕಿಲ್ಲ. ಚೆಂದಾಗಿ ಕಲಿ."

ನಾನು ಪಕ್ಕದಲ್ಲೇ ನಿಂತಿದ್ದೆ. ಏನೂ ಕೇಳಿಸದವನಂತೆ ಕಿಟಕಿಯಾಚೆ ನೋಡುತ್ತಿದ್ದೆ.

ಏಕೆಂದರೆ ನಾನೂ ನಿಮ್ಮ ಹಾಗೇ ಕನ್ನಡದ ಮನೆಯವನು, ನಿಮ್ಮೂರಿಗೆ ಹತ್ತಿರದ ಪೆನ್ನಾಗರಂ ಕಡೆಯವನು. ನನ್ನವ್ವ ನನ್ನನ್ನು ಬೈದದ್ದು, ಉಣ್ಣಲು ಕರೆದದ್ದು, ಸಾಯುವಾಗ ನೀರು ಕೇಳಿದ್ದು — ಎಲ್ಲ ಇದೇ ಮಾತಿನಲ್ಲಿ. ಮೇಷ್ಟ್ರ ತರಬೇತಿಗೆಂದು ಸೇಲಂಗೆ ಬಂದಾಗ ಜೊತೆಯವರು ನನ್ನ ತಮಿಳನ್ನು ಅಣಕಿಸಿ ನಕ್ಕಿದ್ದರು. ಹಟ ಹಿಡಿದು ನಾಲಿಗೆ ತಿದ್ದಿಕೊಂಡೆ. ಕೆಲಸಕ್ಕೆ ಬಂದ ದಿನ ಹೆಡ್‌ಮಾಸ್ಟರು ಮನೆಮಾತು ಯಾವುದೆಂದು ಕೇಳಿದಾಗ ತಮಿಳು ಎಂದುಬಿಟ್ಟೆ. ಯಾರೂ ಬಲವಂತ ಮಾಡಿರಲಿಲ್ಲ. ಕನ್ನಡ ಎಂದಿದ್ದರೂ ಬಹುಶಃ ಕೆಲಸ ಕೊಡುತ್ತಿದ್ದರು. ಆದರೆ ಒಮ್ಮೆ ಅಂದ ಮೇಲೆ ಅದನ್ನು ದಿನವೂ ಕಾಯಬೇಕಾಯಿತು.

ನಿನಗೆ ಬರುತ್ತಿದ್ದದ್ದು ಸಂತೆಯಲ್ಲಿ ಕಿವಿಗೆ ಬಿದ್ದ ನಾಲ್ಕು ತಮಿಳು ಮಾತು ಮಾತ್ರ. ನಾನು ಪಾಠ ಕೇಳಿದರೆ ನೀನು ಕಣ್ಣು ಪಿಳಿಪಿಳಿ ಬಿಡುತ್ತಿದ್ದೆ. ನಾನು ಒಂದೇ ಒಂದು ಮಾತನ್ನು ಕನ್ನಡದಲ್ಲಿ ತಿಳಿಸಿ ಹೇಳಿದ್ದರೆ ನೀನು ಹಿಡಿದುಕೊಳ್ಳುತ್ತಿದ್ದೆ — ಅದು ನನಗೆ ಆಗಲೂ ಗೊತ್ತಿತ್ತು. ಹೆಡ್‌ಮಾಸ್ಟರು, ಹೊಸ ಹುಡುಗ ಹೇಗೆ ಎಂದು ಕೇಳಿದರು. ಸ್ವಲ್ಪ ಮಂದ ಎಂದೆ. ಹಾಗೆನ್ನುವುದು ಸುಲಭವಾಗಿತ್ತು.

ಒಂದು ಮಧ್ಯಾಹ್ನ ನೀನು ಜ್ವರದಲ್ಲಿ ಮಲಗಿದ್ದೆ. ಉಳಿದ ಮಕ್ಕಳು ಪಾತಿಯಲ್ಲಿದ್ದರು. ನಡುಗುತ್ತ ಅವ್ವಾ ಅವ್ವಾ ಎನ್ನುತ್ತಿದ್ದೆ. ಹಣೆಗೆ ಒದ್ದೆ ಬಟ್ಟೆ ಹಾಕುವಾಗ ನನಗೆ ತಿಳಿಯದೆಯೇ ಬಾಯಿಂದ ಬಂತು: "ಸುಮ್ಕಿರು ಮಗ, ನಾನಿವ್ನಿ."

ನೀನು ಕಣ್ಣು ಬಿಟ್ಟೆ. "ನಿಮ್ಗೆ ನಮ್ ಮಾತು ಬತ್ತದಾ ಸಾರ್?"

"ಯಾರ್ಗೂ ಯೋಳ್ಬ್ಯಾಡ," ಎಂದೆ.

ನೀನು ತಲೆಯಾಡಿಸಿದೆ. ಅಂದಿನಿಂದ ತರಗತಿಯಲ್ಲಿ ನನ್ನನ್ನು ಸ್ವಂತ ಮಾವನನ್ನು ನೋಡುವ ಹಾಗೆ ನೋಡತೊಡಗಿದೆ. ನಾನು ಬೋರ್ಡಿನ ಕಡೆ ತಿರುಗಿಕೊಳ್ಳುತ್ತಿದ್ದೆ. ಅಷ್ಟು ಚಿಕ್ಕ ಮಗುವಿನ ಮೇಲೆ ನನ್ನ ಗುಟ್ಟಿನ ಹೊರೆ ಹೊರಿಸಿ —

ಇನ್‌ಸ್ಪೆಕ್ಟರು ಮದರಾಸಿನಿಂದ ಬಂದರು. ಶಾಲೆಗೆ ಮಾನ್ಯತೆ ಸಿಗುವುದು ಬಿಡುವುದು ಅವರ ಮಾತಿನ ಮೇಲಿತ್ತು. ಡ್ರಿಲ್ ನೋಡಿ ಮೆಚ್ಚಿದರು, ಹಾಡು ಕೇಳಿ ತಲೆದೂಗಿದರು, ಹಜಾರದ ಹಾಸಿಗೆಗಳನ್ನು ಮುಟ್ಟಿ ನೋಡಿದರು. ಕಡೆಗೆ ಹೆಡ್‌ಮಾಸ್ಟರ ಜೊತೆ ನನ್ನ ತರಗತಿಗೆ ಬಂದರು. ಗೋಡೆಯ ಮೇಲೆ ಭೂಪಟವಿತ್ತು. ಒಳ್ಳೆಯ ಮನುಷ್ಯ, ಮುಂದಿನ ಸಾಲಿನ ಚೂಟಿ ಹುಡುಗರನ್ನು ಬಿಟ್ಟು ತಾವೇ ಹಿಂದಕ್ಕೆ ನಡೆದು, ನಿನ್ನ ಮುಂದೆ ಬಗ್ಗಿ, ನಿಧಾನವಾದ ತಮಿಳಿನಲ್ಲಿ ಕೇಳಿದರು — ಕಾವೇರಿ ನದಿ ಎಲ್ಲಿಗೆ ಹೋಗುತ್ತದೆ, ಹೇಳು.

ನೀನು ಎದ್ದು ನಿಂತೆ. ತಮಿಳು ಬಾಯಿಗೆ ಬರಲಿಲ್ಲ. ನನ್ನನ್ನು ನೋಡಿದೆ. ಆಮೇಲೆ, ನಾನಿದ್ದೇನೆಂಬ ಧೈರ್ಯದಿಂದಲೋ ಏನೋ, ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿದೆ:

"ಕಾವೇರಿ ಎಲ್ಗೂ ಓಗಾಕಿಲ್ಲ ಸಾರ್. ನಮ್ಮೂರ್ ಮ್ಯಾಲೆ ನಿಂತವ್ಳೆ. ನಮ್ ಮನೆ ಅವ್ಳ ಕೆಳಗೈತೆ."

ಅದಕ್ಕಿಂತ ಸರಿಯಾದ ಉತ್ತರವನ್ನು ನಾನು ಇಷ್ಟು ವರ್ಷದ ಮೇಷ್ಟ್ರ ಕೆಲಸದಲ್ಲಿ ಕೇಳಿಲ್ಲ.

"ಕನ್ನಡವಿರಬೇಕು," ಎಂದರು ಇನ್‌ಸ್ಪೆಕ್ಟರು. "ಏನು ಹೇಳಿದ? ಇಲ್ಲಿ ಯಾರಿಗಾದರೂ ಇವನ ಮಾತು ಬರುತ್ತದೆಯೇ?"

ಹೆಡ್‌ಮಾಸ್ಟರು ನನ್ನತ್ತ ನೋಡಿದರು. ನೀನೂ ನೋಡಿದೆ. ಹೌದೆಂದರೆ ಇಷ್ಟು ತಿಂಗಳು ಏಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು.

"ಯಾರಿಗೂ ಬರುವುದಿಲ್ಲ ಸಾರ್," ಎಂದೆ. "ಬಂದರೂ ಪ್ರಯೋಜನವಿಲ್ಲ. ಹುಡುಗ ಮಂದ. ಹೀಗೇ ಸಂಬಂಧವಿಲ್ಲದೆ ಏನೋ ಬಡಬಡಿಸುತ್ತಾನೆ."

ಮಕ್ಕಳು ನಕ್ಕರು. ನೀನು ಕೂತುಕೊಂಡೆ. ಆಮೇಲೆ ಆ ಶಾಲೆಯಲ್ಲಿ ನೀನು ಯಾರೊಡನೆಯೂ, ಯಾವ ಮಾತಿನಲ್ಲೂ ಮಾತಾಡಲಿಲ್ಲ.

ಹೊರಡುವ ಮುನ್ನ ಇನ್‌ಸ್ಪೆಕ್ಟರು ಹೆಡ್‌ಮಾಸ್ಟರಿಗೆ ಹೇಳಿದರು: ಕಲಿಯಲಾರದ ಮಗುವನ್ನು ಮನೆಯಿಂದ ದೂರ ಇಟ್ಟುಕೊಳ್ಳುವುದು ದಯೆಯಲ್ಲ, ಅವನ ಜನರ ಬಳಿಗೆ ಕಳಿಸಿ. ಕನಿಕರದಿಂದಲೇ ಹೇಳಿದರು. ಶಾಲೆಗೆ ಮಾನ್ಯತೆ ಸಿಕ್ಕಿತು. ಮೇಷ್ಟ್ರುಗಳಿಗೆಲ್ಲ ಸಿಹಿ ಹಂಚಿದರು. ನಾನೂ ತಿಂದೆ.

ನಿನ್ನನ್ನು ಕರೆದೊಯ್ಯಲು ನಿನ್ನ ತಂದೆ ಬಂದ ದಿನ ನಾನು ಗೇಟಿನವರೆಗೆ ಬಂದೆ. ಅವರು ನಿನ್ನ ಟ್ರಂಕನ್ನು ತಲೆಗೇರಿಸಿಕೊಂಡು ಕೇಳಿದರು: "ಏನಾಯ್ತ್ಲಾ? ಇಷ್ಟ್ ದೊಡ್ ಇಸ್ಕೂಲ್ನಾಗೆ ನಿನ್ ಮಾತ್ ತಿಳ್ಯೋರು ಒಬ್ರೂ ಇರ್ನಿಲ್ವಾ?"

ನೀನು ಹಿಂದಿರುಗಿ ಒಮ್ಮೆ ನನ್ನ ಮುಖ ನೋಡಿದೆ.

"ಇರ್ನಿಲ್ಲ ಅಪ್ಪ," ಎಂದೆ.

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ನೀವಿಬ್ಬರೂ ರಸ್ತೆಯ ತಿರುವು ದಾಟುವವರೆಗೆ ಸಮಯವಿತ್ತು. ಬಿಡಲಿಲ್ಲ. ಅಲ್ಲೇ ವರ್ಷಗಳನ್ನು ಕಳೆದೆ. ಒಳ್ಳೆಯ ಮೇಷ್ಟ್ರೆಂದು ಹೆಸರೂ ಬಂತು. ನೀನು ಎಲ್ಲಿದ್ದೀ ಎಂದು ವಿಚಾರಿಸಲೂ ಇಲ್ಲ — ವಿಚಾರಿಸಿದರೆ ತಿಳಿದುಬಿಡುತ್ತದಲ್ಲ.

ಕಳೆದ ತಿಂಗಳು ನೆಂಟರ ಮದುವೆಗೆಂದು ಹೋದವನು ಮಾರಂಡಹಳ್ಳಿ ಸಂತೆಯಲ್ಲಿ ನಿನ್ನ ತಂದೆಯನ್ನು ಕಂಡೆ. ರಾಗಿ ಮೂಟೆಯ ಪಕ್ಕ ನಿಂತಿದ್ದರು. ಗುರುತು ಹಿಡಿದು, ಕೈ ಮುಗಿದು, ಅದೇ ತಡವರಿಸುವ ತಮಿಳಿನಲ್ಲಿ ಹೇಳಿದರು: ಮಾದೇಶ ಕೂಲಿಯಾಳುಗಳನ್ನು ಕರೆದೊಯ್ಯುವ ಮೇಸ್ತ್ರಿಯೊಬ್ಬನ ಜೊತೆ ಆನೆಮಲೆಯ ಟೀ ತೋಟಕ್ಕೆ ಹೋಗಿದ್ದಾನೆ, ಯಾವ ತೋಟವೋ ಗೊತ್ತಿಲ್ಲ. ಬುದ್ಧಿ ಕಮ್ಮಿಯಲ್ಲವೇ, ಓದಿದವರೇ ಹೇಳಿದಿರಲ್ಲ, ಕೂಲಿಯೇ ಅವನಿಗೆ ಸರಿ.

ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅವರ ಮುಖ ಬದಲಾಯಿತು. ಅಲ್ಲೇ, ಸಂತೆಯ ಗದ್ದಲದ ನಡುವೆ, ಎಲ್ಲವನ್ನೂ ಹೇಳಿದೆ. ಅವರು ಕೂಗಾಡಲಿಲ್ಲ. ಮೂಟೆಯ ಮೇಲೆ ಕೂತರು. "ನಾನೂ ದಡ್ಡ ದಡ್ಡ ಅಂತ್ಲೇ ಅವುನ್ನ ಒಡ್ದೆ," ಎಂದರು.

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು.

"ನನ್ಗೇಳಿ ಏನ್ ಬಂತು ಸಾರ್? ಅವುನ್ಗೇಳಿ."

ಅದಕ್ಕೇ ಬರೆಯಲು ಕೂತೆ, ಮಾದೇಶ. ಆದರೆ ಇಷ್ಟು ಬರೆದ ಮೇಲೆ ಹೊಳೆಯುತ್ತಿದೆ — ಇದನ್ನು ನೀನು ಓದಲಾರೆ. ಓದಲಾರದ ಹಾಗೆ ಮಾಡಿದವನು ನಾನೇ. ಕಾಗದದ ಮೇಲೆ ಬರೆದು ಕೈ ತೊಳೆದುಕೊಳ್ಳುವ ಹಕ್ಕು ನನಗಿಲ್ಲ. ಶಾಲೆಗೆ ರಜೆ ಬಂದ ಕೂಡಲೇ ಆನೆಮಲೆ ಹತ್ತುತ್ತೇನೆ; ಒಂದೊಂದು ತೋಟದಲ್ಲೂ ಕೂಲಿಯವರ ಸಾಲುಮನೆಗಳಿಗೆ ಹೋಗಿ ನಿನ್ನನ್ನು ಕೇಳುತ್ತೇನೆ. ಸಿಕ್ಕರೆ ನಿನ್ನ ಜೊತೆಯವರೆಲ್ಲರ ಎದುರಿಗೇ ಹೇಳುತ್ತೇನೆ, ನೀನು ದಡ್ಡನಲ್ಲ, ಸುಳ್ಳು ಹೇಳಿದವನು ನಾನು ಎಂದು. ಕ್ಷಮಿಸು ಎನ್ನುವುದಿಲ್ಲ. ಪೂರ್ತಿ ಕೇಳದೆ ನೀನು ಎದ್ದು ಹೋದರೆ, ಹಿಂದೆ ಬರುವುದೂ ಇಲ್ಲ.