ಮರವಂತೆಯ ಖಾಲಿ ಚಾಪೆ

ಬ್ರಹ್ಮಾವರದಲ್ಲಿ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಫಿಸಿಯೋಥೆರಪಿ ಓದಲು ಯಾರಿಗೆ ದಾರಿ ಸಲೀಸು, ಯಾರು ಅರ್ಧಕ್ಕೇ ಬಿಟ್ಟು ಹೋಗುತ್ತಾರೆ ಎಂದು ಒಬ್ಬ ಪ್ರಾಧ್ಯಾಪಕಿ ಸಂಶೋಧನೆ ಮಾಡುತ್ತಿದ್ದರು. ನಾನು ಅವರ ಅರೆಕಾಲಿಕ ಸಂಶೋಧನಾ ಸಹಾಯಕಿ. ಹುದ್ದೆಯ ಹೆಸರು ಉದ್ದ, ಕೆಲಸ ಮಾತ್ರ ಬಸ್ಸು ಹತ್ತಿಳಿದು ಜನರನ್ನು ಮಾತಾಡಿಸುವುದು. ಅಂದು ಹುಡುಕಿ ಹೊರಟದ್ದು ಮರವಂತೆಯ ಶಾಲಿನಿಯನ್ನು. ರಜೆಗೆ ಮನೆಗೆ ಹೋದವಳು ಕಾಲೇಜಿಗೆ ಮರಳಿರಲಿಲ್ಲ. ಸೋಮವಾರ ಪ್ರಾಯೋಗಿಕ ಪರೀಕ್ಷೆ. ತಪ್ಪಿದರೆ ವರ್ಷವೇ ಹೋಗುತ್ತಿತ್ತು.

ಕುಂದಾಪುರದಲ್ಲಿ ಬಸ್ಸು ಬದಲಿಸಿ ಮೊದಲು ಬೈಂದೂರಿಗೆ ಹೋದೆ, ಅವಳ ಸಹಪಾಠಿಯೊಬ್ಬಳನ್ನು ಕಾಣಲು. ಹೊರಗೆ ಮಳೆ ಹಿಡಿದಿತ್ತು. ಹೋಟೆಲಿನಲ್ಲಿ ಬನ್ಸ್ ತರಿಸಿದೆ.

“ಪ್ರಾಕ್ಟಿಕಲ್‌ಗೆ ಇಬ್ಬಿಬ್ರ್ ಜೋಡಿ,” ಎಂದಳು ಆ ಹುಡುಗಿ. “ಒಬ್ರ್ ಮನ್ಕಂಬುದ್, ಇನ್ನೊಬ್ರ್ ಕೈಕಾಲ್ ಹಿಡ್ದ್ ಕಲಿಯುದ್. ಶಾಲಿನಿಗೆ ಜೋಡಿ ಸಿಕ್ಲಿಲ್ಲೆ. ಮೀನಿನ ವಾಸ್ನಿ ಅಂದ್ಹೇಳಿ ಯಾರೋ ಹೇಳ್ರ್. ಮತ್ತೆ ಯಾರೂ ಹತ್ರ ಹೋಯ್ಲಿಲ್ಲೆ. ಖಾಲಿ ಮಂಚದ್ ಮೇಲೇ ಮಾಡ್ತಿದ್ಳ್.”

“ನೀನು?”

ಅವಳು ತಲೆ ತಗ್ಗಿಸಿ ಬನ್ಸ್ ಮುರಿದಳು. ನನಗೆ ಸಿಟ್ಟು ಬಂತು. ಸಂಶೋಧನಾ ಸಹಾಯಕಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕಿಲ್ಲವಾದ್ದರಿಂದ ಚಹಾ ಕುಡಿದು ಎದ್ದೆ.

ಮರವಂತೆಯಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ, ಆದರೆ ಮೋಡ ಕವಿದು ಸಂಜೆಯಂತಿತ್ತು. ಹೆದ್ದಾರಿಯ ಒಂದು ಬದಿಗೆ ಕಡಲು ಕಲ್ಲುಗಳಿಗೆ ಬಡಿಯುತ್ತಿತ್ತು. ಇನ್ನೊಂದು ಬದಿಯ ಹೊಳೆ ಅಲುಗಾಡದೆ ನಿಂತಿತ್ತು. ಮನೆ ಹೊಳೆಯ ಬದಿಗೆ. ಶಾಲಿನಿಯ ತಾಯಿ ಗಿರಿಜಮ್ಮ ಬಾಗಿಲಲ್ಲೇ ನನ್ನನ್ನು ತಡೆದು ಪಿಸುಗುಟ್ಟಿದರು.

“ಮೆಲ್ಲ ಬನ್ನಿ. ಒಳ್ಗ್ ಶಾಲಿನಿ ಯಾರನ್ನೋ ಮನ್ಗಿಸ್ಕಂಡಿತ್.”

“ಯಾರನ್ನು?”

“ನಂಗ್ ಕಾಣುದಿಲ್ಲೆ, ಮೇಡಂ.”

ಒಳಗೆ ಶಾಲಿನಿ ಚಾಪೆಯ ಪಕ್ಕ ಮಂಡಿಯೂರಿದ್ದಳು. ಚಾಪೆ ಖಾಲಿ. ಅವಳ ಎಡಗೈ ಗಾಳಿಯಲ್ಲಿ ಒಂದು ಮೊಣಕೈಯನ್ನು ಆಧರಿಸಿತ್ತು, ಬಲಗೈ ಒಂದು ಮಣಿಕಟ್ಟನ್ನು ಹಿಡಿದು ಮೆಲ್ಲನೆ ಮೇಲೆತ್ತುತ್ತಿತ್ತು. ಬೆರಳುಗಳು ಸುತ್ತಿಕೊಂಡದ್ದು ನೋಡಿದರೆ ಆ ತೋಳು ಎಷ್ಟು ದಪ್ಪವಿದೆಯೆಂದು ಹೇಳಬಹುದಿತ್ತು.

“ನೋವಾತ್ತಾ?” ಎಂದು ಕೇಳಿ, ತಲೆ ಬಾಗಿಸಿ ಕಾದಳು. ಆಮೇಲೆ ಹೂಂ ಎಂದು ಕೈ ಇಳಿಸಿದಳು.

ಸೋಮವಾರದ ವಿಷಯ ಹೇಳಿದೆ. ಶಾಲಿನಿ ಶಾಂತವಾಗಿ ಕೇಳಿಸಿಕೊಂಡಳು. “ಪರೀಕ್ಷೆಗ್ ಜೀವ ಇಪ್ಪೋರ್ ಬತ್ರ್ ಅಲ್ದಾ, ಅಕ್ಕ? ನಂಗ್ ಅಭ್ಯಾಸ ಇಲ್ಲೆ.”

“ಹಾಗಾದರೆ ಮೊದಲು ನನ್ನ ಮೇಲೆ ಮಾಡು. ಬಸ್ಸಿನಲ್ಲಿ ಕೂತು ಭುಜ ಹಿಡಿದುಕೊಂಡಿದೆ.”

ಅವಳು ಚಾಪೆಯ ಕಡೆ ತಿರುಗಿ, “ನೀ ಚೂರ್ ಆಚಿ ಸರಿ,” ಎಂದಳು. ಸ್ವಲ್ಪ ತಡೆದು ನನಗೆ ಸನ್ನೆ ಮಾಡಿದಳು. ನಗಬೇಕಾದ ಮಾತು, ನಗು ಬರಲಿಲ್ಲ. ಬಿಟ್ಟುಕೊಟ್ಟ ಅರ್ಧದಲ್ಲಷ್ಟೇ ಮೈ ಹಿಡಿಮಾಡಿ ಮಲಗಿದೆ.

ಶಾಲಿನಿಯ ಕೈಗಳು ನನ್ನ ಭುಜದ ಮೇಲೆ ಆಡಿದವು, ಒತ್ತಿದವು, ತಿರುಗಿಸಿದವು. ಎಲ್ಲವೂ ನನ್ನ ಚರ್ಮಕ್ಕಿಂತ ಒಂದು ಬೆರಳು ಮೇಲೆ. ಒಮ್ಮೆಯೂ ತಾಗಲಿಲ್ಲ. ತಡೆಯಲಾರದೆ ಅವಳ ಅಂಗೈ ಹಿಡಿದು ನನ್ನ ಭುಜಕ್ಕೆ ಒತ್ತಿಕೊಂಡೆ. ಅವಳು ಬೆಚ್ಚಿ ಕೈ ಎಳೆದುಕೊಂಡಳು.

“ಬಿಸಿ ಇತ್ತ್,” ಎಂದಳು. ಕಣ್ಣು ತುಂಬಿತ್ತು.

ಬಾಗಿಲಲ್ಲಿ ಗಿರಿಜಮ್ಮ ಸೆರಗು ಬಾಯಿಗೊತ್ತಿ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಶಾಲಿನಿ ತಾನಾಗಿಯೇ ಎರಡೂ ಕೈ ನನ್ನ ಮೇಲಿಟ್ಟಳು.

ಅಂದೇ ಅವಳು ಚೀಲ ತುಂಬಿಕೊಂಡು ನನ್ನ ಜೊತೆ ಹೊರಟಳು. ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ಬಂದ.

“ಎಷ್ಟ್ ಜನ?”

ನಾನು ಬಾಯಿ ತೆರೆಯುವ ಮೊದಲೇ ಶಾಲಿನಿ ಬಾಗಿಲ ಕಡೆ ನೋಡಿದಳು. ಬಾಗಿಲು ಹಾಕಿಕೊಂಡಿತು.

“ಇಬ್ರೇ,” ಎಂದಳು.

ತ್ರಾಸಿ ದಾಟುವವರೆಗೂ ಅವಳು ಹಿಂದಿನ ಗಾಜಿನಿಂದ ರಸ್ತೆಯನ್ನೇ ನೋಡುತ್ತಿದ್ದಳು. ನನಗೂ ತಿರುಗಿ ನೋಡಬೇಕೆನಿಸಿತು. ಹೆದರಿಕೆಯಾಗಿ ನೋಡಲಿಲ್ಲ.