ಸೋಮವಾರದ ಬ್ರೆಡ್ಡು ಮೊಟ್ಟೆ

ಮೊನ್ನೆ ಚಾಮರಾಜನಗರದ ನನ್ನ ಮನೆಯಲ್ಲಿ ಸೊಸೆ ಓವನ್ ಬಾಗಿಲು ತೆರೆದಳು. ಹಾಲು, ಮೊಟ್ಟೆಯಲ್ಲಿ ನೆಂದ ಬ್ರೆಡ್ಡು ಕೆಂಪಗೆ ಬೆಂದು, ಈರುಳ್ಳಿ, ಮೆಣಸಿನಪುಡಿಯ ಘಮ ಅಡುಗೆಮನೆ ತುಂಬಿತು. ಎಲ್ಲರೂ ಆಹಾ ಎಂದರು. ನನ್ನ ಎದೆ ಮಾತ್ರ ಡವಡವ ಹೊಡೆದುಕೊಂಡಿತು. ಈ ವಯಸ್ಸಿನಲ್ಲಿ ತಿಂಡಿಯ ವಾಸನೆಗೆ ಯಾರಾದರೂ ಹೆದರುತ್ತಾರೆಯೇ? ನಗಬೇಡಿ, ನಾನು ಹೆದರುತ್ತೇನೆ.

ಭೀಮನಬೀಡಿನ ನಮ್ಮ ಮನೆಗೆ ಈ ತಿಂಡಿಯನ್ನು ತಂದವನು ಅಪ್ಪ. ಅವನು ಬಂಡೀಪುರದ ಒಂದು ಗೆಸ್ಟ್ ಹೌಸಿನಲ್ಲಿ ಅಡುಗೆಯವನು. ರಜೆಗೆ ಬರುವಾಗ ಗುಂಡ್ಲುಪೇಟೆಯ ಮಲಯಾಳಿ ಬೇಕರಿಯಿಂದ ಬ್ರೆಡ್ಡು ತಂದು, ಚೂರು ಮಾಡಿ, ಮೊಟ್ಟೆ, ಹಾಲು, ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿ ರಾತ್ರಿಯೆಲ್ಲ ನೆನೆಯಲು ಬಿಡುತ್ತಿದ್ದ. ಬೆಳಿಗ್ಗೆ ಬಾಂಡ್ಲಿಗೆ ಮರಳು ಸುರಿದು ಒಲೆಯ ಮೇಲಿಟ್ಟು, ಮರಳಿನಲ್ಲಿ ಪಾತ್ರೆ ಹೂತು, ಮುಚ್ಚಳದ ಮೇಲೆ ಕೆಂಡ ಹರಡಿದರೆ ಅದೇ ನಮ್ಮ ಓವನ್. ಆದರೆ ಸೋಮವಾರ ನಮ್ಮ ಮನೆದೇವರು ಮಾದಪ್ಪನ ವಾರ. ಅಂದು ಮನೆಯಲ್ಲಿ ಮೊಟ್ಟೆ ಬೇಯಿಸುವುದಿರಲಿ, ಅದರ ಹೆಸರೂ ಎತ್ತುವಂತಿರಲಿಲ್ಲ. ಅಪ್ಪನ ತಾಯಿ, ನಮ್ಮ ಅಜ್ಜಿ, ಈ ವಿಷಯದಲ್ಲಿ ಯಾರ ಮಾತೂ ಕೇಳುವವಳಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಟೈಫಾಯ್ಡ್ ಅಂಟಿಸಿಕೊಂಡು ಮನೆಗೆ ಬಂದ. ಹಾಳು ಜ್ವರ ಬಿಟ್ಟರೂ ಅನ್ನ ಸೇರಲಿಲ್ಲ. ಗಂಜಿ ಕೊಟ್ಟರೆ ಗೋಡೆಯ ಕಡೆ ತಿರುಗುತ್ತಿದ್ದ. ಹೊಟ್ಟೆಗೆ ಏನೂ ಬೀಳದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಅವ್ವನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅಪ್ಪನ ಎದೆ ಏರಿಳಿಯುವುದನ್ನು ನೋಡುತ್ತಾ ಕೂರುವುದೇ ನನ್ನ ಕೆಲಸವಾಯಿತು. ಒಂದು ಭಾನುವಾರ ಸಂಜೆ ಅವನೇ ಅವ್ವನಿಗೆ, “ಆ ಬ್ರೆಡ್ಡು ಮೊಟ್ಟೆ ಮಾಡ್ಕೊಡಮ್ಮಿ, ಬಾಯಿ ಕೇಳ್ತದೆ” ಎಂದ. ಅವ್ವ ಖುಷಿಗೆ ಹಿಂದೆಮುಂದೆ ನೋಡದೆ, ಕಾಯಿಲೆಯವನಿಗೆಂದು ತರಿಸಿಟ್ಟಿದ್ದ ಬ್ರೆಡ್ಡನ್ನು ನೆನೆಹಾಕಿಬಿಟ್ಟಳು. ಬೆಳಿಗ್ಗೆ ಅಜ್ಜಿ ಹೊಸಿಲು ಸಾರಿಸಿ ವಿಭೂತಿ ಹಚ್ಚಿಕೊಳ್ಳುವುದನ್ನು ಕಂಡಾಗಲೇ ಅವ್ವನಿಗೆ ವಾರದ ನೆನಪಾದದ್ದು.

ಆದರೂ ಅವ್ವ ಪಾತ್ರೆಗೆ ಸೆರಗು ಮುಚ್ಚಿ ಹಿತ್ತಲ ಒಲೆಗೆ ಒಯ್ದಳು. “ಅಜ್ಜಿ ಬಂದ್ರೆ ಕೆಮ್ಮು ಕಣಮ್ಮಿ” ಎಂದು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದಳು. ಮಾದಪ್ಪ ಮುನಿದರೆ ಅಪ್ಪನ ಗತಿ? ತಿನ್ನದಿದ್ದರೆ ಅಪ್ಪನ ಗತಿ? ಅಯ್ಯೋ, ವಾಸನೆ ಎಲ್ಲಿ ಅಡಗುತ್ತದೆ! ಅಜ್ಜಿ ಬಂದೇಬಿಟ್ಟಳು, ನನಗೆ ಕೆಮ್ಮೇ ಬರಲಿಲ್ಲ. “ವಾರ ಮರ್ತು ಮಾಡ್ಬುಟ್ಟೆ ಅತ್ತೆ. ಚೆಲ್ಬುಡ್ಲಾ?” ಎಂದು ಅವ್ವ ಅತ್ತಳು. ಅಜ್ಜಿ ಒಲೆ ನೋಡಿದಳು, ಒಳಗೆ ಮಲಗಿದ್ದ ಅಪ್ಪನ ಕಡೆ ನೋಡಿದಳು. “ಚೆಲ್ಬ್ಯಾಡ. ಬೆಂದ್ಮೇಲೆ ನನ್ ಕೈಗೆ ಕೊಡು” ಎಂದಳು.

ಅಜ್ಜಿಯೇ ಉಣಿಸಿದಳು. ಅಪ್ಪ ಮೊದಲ ತುತ್ತನ್ನು ಬಾಯಲ್ಲಿ ಇಟ್ಟುಕೊಂಡೇ ಇದ್ದ. ನಾವು ಮೂವರೂ ಅವನ ಗಂಟಲನ್ನೇ ನೋಡುತ್ತಿದ್ದೆವು. ನುಂಗಿದ. ಇನ್ನೊಂದಕ್ಕೆ ಬಾಯಿ ತೆರೆದ. ತಟ್ಟೆ ಖಾಲಿಯಾದ ಮೇಲೆ ಅಜ್ಜಿ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ದೇವರ ಮುಂದೆ ಕೂತಳು. “ಉಣ್ಸುದ್ದೋಳು ನಾನು ಕಣಪ್ಪ ಮಾದಪ್ಪ. ಏನಿದ್ರೂ ನನ್ ಮ್ಯಾಲೆ ಆಕು, ನನ್ ಮಗೀನ ಬುಟ್ಬುಡು.” ಆ ಮಗುವಿನ ಮೀಸೆ ಆಗಲೇ ಅರ್ಧ ನರೆತಿತ್ತು.

ಅಪ್ಪ ಚೇತರಿಸಿಕೊಂಡು ಮತ್ತೆ ಬಂಡೀಪುರಕ್ಕೆ ಹೋದ. ಅಜ್ಜಿ ಮಾತ್ರ ಸಾಯುವವರೆಗೂ ಸೋಮವಾರ ಹೊತ್ತು ಮುಳುಗುವ ತನಕ ನೀರೂ ಮುಟ್ಟಲಿಲ್ಲ. ಈಗ ಅಪ್ಪ, ಅವ್ವ, ಅಜ್ಜಿ ಮೂವರೂ ಇಲ್ಲ, ಆ ಮನೆಯೂ ಇಲ್ಲ. ನಿಮ್ಮ ಮನೆಯಲ್ಲೂ ಅಂಥ ಅಜ್ಜಿಯೊಬ್ಬಳು ಇದ್ದಿರಬಹುದು. ಮಕ್ಕಳು ಮೊಮ್ಮಕ್ಕಳಿಗೆ ಮೈ ಬಿಸಿಯಾದರೆ ಏನಿದ್ದರೂ ನನ್ನ ಮೇಲೆ ಹಾಕು ಎಂದು ಈಗ ನಾನು ಬೇಡುತ್ತೇನೆ. ನನಗಾಗಿ ಹಾಗೆ ಬೇಡುವವರು ಯಾರೂ ಉಳಿದಿಲ್ಲ.