ಹೊಗೆಯಿಲ್ಲದ ಒಲೆ, ಅಟ್ಟದ ಕಾಯಿ

ಸಖರಾಯಪಟ್ಟಣದ ಗೆಳೆಯನ ಮನೆಯಲ್ಲಿ ಹೊಸ ಗೋಬರ್ ಗ್ಯಾಸ್ ಒಲೆ ಹೊತ್ತಿಸಿದ ಮೊದಲ ಬೆಳಿಗ್ಗೆಯೇ ಅವನ ತಾಯಿ ಬಂದು ಅದನ್ನು ಆರಿಸಿಬಿಟ್ಟರು. ಸಗಣಿಯ ಗ್ಯಾಸೆಂದು ಅಸಹ್ಯವಿರಬೇಕು ಎಂದುಕೊಂಡೆ. ಅವರು ಅಟ್ಟದತ್ತ ಕೈ ತೋರಿಸಿದರು. ಕೊಬ್ಬರಿಗೆಂದು ಕೂಡಿಟ್ಟ ತೆಂಗಿನಕಾಯಿ ಅಲ್ಲಿ ತುಂಬಿತ್ತು.

“ಹೊಗೆ ಇಲ್ದಿದ್ರೆ ಕಾಯಿ ಒಣಗೋದು ಹೆಂಗೇ?”

ಸೌದೆ ಒಲೆ ಊದಿ ಊದಿ ಕಣ್ಣು ಕೆಂಪಾಗಿದ್ದ ಸೊಸೆ, “ಹೊಗೆ ಬೇಕಿರೋದು ಕಾಯಿಗೆ ಅತ್ತೆ, ನಂಗಲ್ವಲ್ಲ” ಎಂದಳು.

ಅತ್ತೆ ಊದುಗೊಳವೆ ಹಿಡಿದು ತಾವೇ ಸೌದೆ ಒಲೆಯ ಮುಂದೆ ಕುಳಿತರು. ತುಸು ಹೊತ್ತಿನಲ್ಲೇ ಕಣ್ಣೀರು ಸುರಿಸುತ್ತ, “ಲೇ, ಕಾಪಿ ಆ ಗ್ಯಾಸಲ್ಲೇ ಕಾಯ್ಸೇ” ಎಂದರು.

ಈಗ ಅಡುಗೆ ಗ್ಯಾಸಿನ ಮೇಲೆ. ಕಾಯಿಗೆ ಆಗಾಗ ಹೊಗೆ ಹಾಕುವ ಕೆಲಸ ಗೆಳೆಯನದು. ಗೋಬರ್ ಗ್ಯಾಸು ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ, ಕಣ್ಣಿಗೋ ಕಾಯಿಗೋ ಎಂದು ತಿರುಗಿ ಕೇಳುತ್ತೇನೆ.